ಬಸಪ್ಪನವರನ್ನು ಇಳಿಸಿದ ಬಗೆ

ಅಸೋಸಿಯೇಷನ್ನಿನ ಸುತ್ತೋಲೆಯ ಪ್ರಕಾರ ಬಸಪ್ಪನವರು ಆ ಭಾನುವಾರ ಬೆಳಗ್ಗೆ ಒಂಬತ್ತನೆಯ ಮಹಡಿಯಿಂದ ಮೆಟ್ಟಿಲಿಳಿದು ಬಂದು ಕೆಳಗೆ ಹುಲ್ಲಿನ ಮೇಲೆ ಎಲ್ಲರ ಜೊತೆ ಸೇರಿದ್ದರು. ವಾಸ್ತವದಲ್ಲಿ ಅವರು ತಮ್ಮ ಬಾಲ್ಕನಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು, ಕೆಳಗೆ ಸೇರಿದ್ದ ನಮ್ಮನ್ನೆಲ್ಲ ನೋಡುತ್ತಾ, ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು.

ಸುತ್ತೋಲೆ ಬರೆದವರು ಗ್ರೇಟರ್ ನೋಯ್ಡಾದ ನಮ್ಮ ಸೊಸೈಟಿಯ ಕಾರ್ಯದರ್ಶಿ ಕೇಶವಮೂರ್ತಿ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ನಿವೃತ್ತಿ ಆಗಿದ್ದು ಅವರ ಕುರ್ಚಿಗೆ. ಭಾಷೆ ಇನ್ನೂ ಸೇವೆಯಲ್ಲಿದೆ. ಬೆಂಕಿ ಬಿದ್ದಾಗ ಏನು ಮಾಡಬೇಕೆಂಬ ಮಾಕ್ ಡ್ರಿಲ್ಲಿಗಾಗಿ ಅವರು ಇಂಗ್ಲಿಷಿನಲ್ಲಿ ಹೊರಡಿಸಿದ ಆ ಸುತ್ತೋಲೆಯ ಒಂದು ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಮೆಟ್ಟಿಲು ಬಳಸಲಾಗದ ನಿವಾಸಿಗಳು, ಈ ಡ್ರಿಲ್ಲಿನ ಉದ್ದೇಶಕ್ಕಾಗಿ, ಕೆಳಗಿಳಿದಿದ್ದಾರೆ ಎಂದು ಭಾವಿಸತಕ್ಕದ್ದು.’ ಇಂಥ ವಾಕ್ಯ ಬರೆಯಲು ಸುಮ್ಮನೆ ಸಾಧ್ಯವಿಲ್ಲ. ಅದಕ್ಕೆ ಒಂದು ಆಯುಷ್ಯವನ್ನು ಫೈಲುಗಳ ನಡುವೆ ಕಳೆದಿರಬೇಕು.

ಡ್ರಿಲ್ ಮುಗಿದ ಮೇಲೆ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಅವರ ಸಂದೇಶ ಬಂತು: ನಮ್ಮ ಟವರು ಪೂರ್ತಿ ತೆರವಾಗಿದೆ, ಎಲ್ಲರಿಗೂ ಅಭಿನಂದನೆ. ಅದರ ಕೆಳಗೆ ಮೂವತ್ತು ಹೆಬ್ಬೆರಳು, ಮೂರು ಗುಲಾಬಿ ಹೂವು. ಅದರ ಬೆನ್ನಿಗೇ ಕೇಶವಮೂರ್ತಿಯವರ ಫೋನು ರಿಂಗಾಯಿತು.

“ಮೂರ್ತಿಗಳೇ, ಸ್ವಲ್ಪ ಮೇಲೆ ಬರ್ತೀರಾ?” ಎಂದರು ಬಸಪ್ಪನವರ ಹೆಂಡತಿ ಶಾಂತಮ್ಮ. “ನಿಮ್ಮ ಜೊತೆ ಕೆಳಗಿಳಿದವರು ಇಲ್ಲೇ ಕಾಫಿ ಕುಡೀತಾ ಇದಾರೆ. ನೀವೂ ಒಂದು ಲೋಟ ತಗೊಂಡು ಹೋಗಿ.”

ಶಾಂತಮ್ಮನವರ ವಿಷಯ ಇಲ್ಲಿ ಹೇಳಬೇಕು. ಮೇ ತಿಂಗಳಲ್ಲಿ ರಸ್ತೆಯಾಚೆಯ ಸೊಸೈಟಿಯಲ್ಲಿ ಎ.ಸಿ. ಸಿಡಿದು ಎರಡು ಮನೆ ಸುಟ್ಟಿದ್ದವು. ಜೀವಹಾನಿ ಆಗಲಿಲ್ಲ. ಆದರೆ ಆ ಕಪ್ಪು ಹೊಗೆಯನ್ನು ಅವರು ತಮ್ಮ ಬಾಲ್ಕನಿಯಿಂದ ಉದ್ದಕ್ಕೂ ನೋಡಿದ್ದರು. ಬೆಂಕಿ ಬಿದ್ದರೆ ಲಿಫ್ಟು ನಿಲ್ಲಿಸುತ್ತಾರೆ. ಪಾರ್ಶ್ವವಾಯು ಹೊಡೆದ ಮೇಲೆ ಗಂಡನ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಅವರನ್ನು ಹೊರುವ ಶಕ್ತಿ ತನಗಿಲ್ಲ. ಇಷ್ಟನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ಶಾಂತಮ್ಮ ಒಬ್ಬರೇ ಮನೆಯಿಂದ ಹೊರಗೆ ಹೋಗುವುದನ್ನು ನಿಲ್ಲಿಸಿದರು. ತಾನು ಪಕ್ಕದಲ್ಲಿದ್ದರೂ ಮಾಡುವುದಕ್ಕೆ ಏನೂ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಪಕ್ಕದಲ್ಲಿರುವುದೂ ಒಂದು ಕೆಲಸ ಎಂದುಕೊಂಡಿದ್ದರು.

ಗಂಡನನ್ನು ಲಿಫ್ಟಿನಲ್ಲಿ ಫಿಜಿಯೋಥೆರಪಿಗೆ ಕರೆದುಕೊಂಡು ಹೋಗಿ ಬರುವುದೊಂದೇ ಉಳಿದದ್ದು. ಸಂಜೆಯ ವಾಕಿಂಗ್ ಹೋಯಿತು, ಗುರುವಾರದ ಸಂತೆ ಹೋಯಿತು. ತರಕಾರಿ ಫೋನಿನ ಆ್ಯಪಿನಿಂದ ಬರತೊಡಗಿತು. ಮುಟ್ಟಿ ನೋಡದೆ ಬದನೆಕಾಯಿ ಕೊಳ್ಳುವುದು ಅವರ ಪ್ರಕಾರ ಫೋಟೋ ನೋಡಿ ಮದುವೆಯಾದಂತೆ. ಅವರು ಆಗಿದ್ದೂ ಹಾಗೆಯೇ, ಆ ಮಾತು ಬೇರೆ. ಮಗಳು ಅದಿತಿ ಗುರುಗ್ರಾಮದಲ್ಲಿದ್ದಾಳೆ. ಟ್ರಾಫಿಕ್ ಇಲ್ಲದಿದ್ದರೆ ಹತ್ತಿರ. ಕಡೆಗೆ ಶಾಂತಮ್ಮ ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷ ಭಾಟಿಯವರಿಗೆ ಹೇಳಿಟ್ಟಿದ್ದರು: ನೆಲಮಹಡಿಯ ಒಂದು ಮನೆ ಹುಡುಕಿಕೊಡಿ, ಸಂಕ್ರಾಂತಿಯೊಳಗೆ ಹೋಗಿಬಿಡುತ್ತೇವೆ. ಭಾಟಿ ಇದೇ ಊರಿನ ಮನುಷ್ಯ, ಮನೆ ನಿವೇಶನಗಳ ವ್ಯವಹಾರದವರು. ಹುಡುಕಿದ್ದರು. ಹೆದ್ದಾರಿಯಾಚೆ ಇನ್ನೂ ಕಟ್ಟುತ್ತಿರುವ ಸೆಕ್ಟರಿನಲ್ಲಿ ಒಂದು ಮನೆ. ಎರಡು ಪಕ್ಕ ಖಾಲಿ ಸೈಟು, ಎದುರಿಗೆ ಎಮ್ಮೆಗಳು. ಮಾತಾಡಿಸಲು ಒಂದು ಕನ್ನಡದ ಮುಖವಿಲ್ಲ. ಅಷ್ಟೇಕೆ, ಯಾವ ಭಾಷೆಯ ಮುಖವೂ ಇಲ್ಲ. ಬೆಂಕಿಯಿಂದ ಮಾತ್ರ ಸುರಕ್ಷಿತ.

ಕೇಶವಮೂರ್ತಿ ಮೇಲೆ ಬಂದು ಕೂತರು.

“ಅತ್ತಿಗೆ, ಅದು ಡ್ರಿಲ್ಲಿಗೆ ಮಾತ್ರ ಬರೆದದ್ದು. ಎಲ್ಲಾ ಕಡೆ ಪ್ರೊಸೀಜರ್ ಹಾಗೇ ಇರುತ್ತೆ.”

“ಹಾಗಾದರೆ ಬೆಂಕಿಗೂ ಒಂದು ಕಾಪಿ ಕಳಿಸಿಬಿಡಿ. ಅದೂ ಭಾವಿಸಿಕೊಳ್ಳಲಿ.”

“ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ,” ಎಂದರು ಬಸಪ್ಪ ಅವಲಕ್ಕಿಯ ತಟ್ಟೆಯಿಂದ ತಲೆಯೆತ್ತದೆ. ಅವರೂ ಸೆಕ್ಷನ್ ಆಫೀಸರಾಗಿದ್ದವರು.

“ಅಗ್ನಿಶಾಮಕದವರು ಬರ್ತಾರಲ್ಲ, ಅವರ ಹತ್ತಿರ ಎಲ್ಲಾ ವ್ಯವಸ್ಥೆ—”

“ಅವರು ಬರೋವರೆಗೆ?”

ಕೇಶವಮೂರ್ತಿ ಕಾಫಿ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಅವರು ಕೆಟ್ಟವರಲ್ಲ. ಅವರಿಗೆ ಉತ್ತರ ಗೊತ್ತಿಲ್ಲದಾಗ ವಿಷಯ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಆ ದಿನ ಲೋಟವನ್ನು ಇನ್ನೊಂದು ಸುತ್ತು ತಿರುಗಿಸಿದರು.

ಶಾಂತಮ್ಮನೇ ಮಾತು ಮುಂದುವರಿಸಿದರು. “ಆರ್.ಕೆ.ಪುರಂನಲ್ಲಿ ಮೂರನೇ ಮಹಡಿಯಿಂದ ನನ್ನ ಬೀರು ಇಳಿಸಿದವರು ಯಾರು ಮೂರ್ತಿಗಳೇ?”

“ನಾವೇ. ನಾನು, ದೇವೇಂದ್ರಪ್ಪ, ಇನ್ನೂ ಯಾರೋ ಇಬ್ಬರು. ಇವರು ಹೇಳ್ತಾ ಇದ್ದರು, ನಾವು ಇಳಿಸ್ತಾ ಇದ್ವಿ.”

“ಒಂದು ಗೀರು ಬಿತ್ತಾ?”

“ಎಲ್ಲಿ ಬೀಳುತ್ತೆ.”

“ಅದನ್ನು ಇಳಿಸಿದ ಹಾಗೆ ಇವರನ್ನೂ ಇಳಿಸಿ. ಇವರಿಗೆ ಒಂದೆರಡು ಗೀರು ಬಿದ್ದರೂ ನಡೆಯುತ್ತೆ.”

“ಆ ಬೀರುವಿನೊಳಗೆ ಇವಳ ಸೀರೆ ಇದ್ದವು,” ಎಂದರು ಬಸಪ್ಪ. “ಅದಕ್ಕೇ ಅಷ್ಟು ಜೋಪಾನ.”

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬಾಳಿದ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬಡ್ತಿ ಸಿಕ್ಕಿತೆಂದರೆ ಒಂದು ದರ್ಜೆ ದೊಡ್ಡ ಕ್ವಾರ್ಟರ್ಸು ಸಿಗುತ್ತದೆ. ಸಿಕ್ಕಿತೆಂದರೆ ಬೇಗ ಹೋಗಿ ಸೇರಿಕೊಳ್ಳಬೇಕು. ಆ ಕಟ್ಟಡಗಳಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು. ಪ್ರತಿ ಮನೆಯಲ್ಲೂ ಮದುವೆಯಲ್ಲಿ ಬಂದ ಒಂದು ಸ್ಟೀಲ್ ಬೀರು. ಭಾನುವಾರ ಬೆಳಗ್ಗೆ ನಾಲ್ಕೈದು ಸಹೋದ್ಯೋಗಿಗಳು ಬನಿಯನ್ನಿನಲ್ಲಿ ಸೇರುವರು. ಮಂಚದ ನವಾರಪಟ್ಟಿಯನ್ನು ಬಿಚ್ಚಿ ಬೀರುವಿಗೆ ಸುತ್ತುವರು. ಬಲವಿದ್ದವರು ಕೆಳಗಿನ ತುದಿ, ಎತ್ತರದವರು ಮೇಲಿನ ತುದಿ. ತಿರುವು ಬಂದಲ್ಲೆಲ್ಲ ಬೀರುವನ್ನು ಪೂರ್ತಿ ನೆಲಕ್ಕಿಟ್ಟು, ಉಸಿರು ತೆಗೆದುಕೊಂಡು, ನಿಂತಲ್ಲೇ ತಿರುಗಿಸಿ, ಆಮೇಲೆ ಎತ್ತಬೇಕು. ಎತ್ತಿಕೊಂಡೇ ತಿರುಗಿಸಿದವರ ಬೆರಳು ಗೋಡೆಗೆ ಸಿಕ್ಕಿರುತ್ತದೆ. ಮುಗಿದ ಮೇಲೆ ಚಿತ್ರಾನ್ನ, ಕಾಫಿ. ಹೀಗೆ ಒಬ್ಬರ ಸಂಸಾರವನ್ನು ಇನ್ನೊಬ್ಬರು ಹೊತ್ತು ಒಂದು ತಲೆಮಾರು ಬಡ್ತಿ ಪಡೆಯಿತು.

“ಆಗ ನನಗೆ ಮಂಡಿ ಇತ್ತು ಅತ್ತಿಗೆ,” ಎಂದರು ಕೇಶವಮೂರ್ತಿ.

“ಮಂಡಿ ಈಗ ಬೇರೆಯವರ ಹತ್ತಿರ ಇದೆ. ನಿಮ್ಮ ಹತ್ತಿರ ಲೆಟರ್‌ಹೆಡ್ ಇದೆಯಲ್ಲ, ಕರೀರಿ.”

ಕರೆದರು. ಮುಂದಿನ ಭಾನುವಾರ ಒಂಬತ್ತನೆಯ ಮಹಡಿಯಲ್ಲಿ ಸೇರಿದವರು ಅಧ್ಯಕ್ಷ ಭಾಟಿ. ಐದನೆಯ ಮಹಡಿಯ ಕಾರ್ತಿಕ್, ನೋಯ್ಡಾದ ಐ.ಟಿ. ಕಂಪನಿಯ ದಾವಣಗೆರೆ ಹುಡುಗ. ಓಖ್ಲಾದಲ್ಲಿ ಬಟ್ಟೆ ರಫ್ತಿನ ಘಟಕ ನಡೆಸುವ ಏಳನೆಯ ಮಹಡಿಯ ಅಣ್ಣತಮ್ಮಂದಿರು. ನೋಡಲು ಬಂದವರು ಇದರ ಎರಡು ಪಟ್ಟು. ತೋಳಿರುವ ಗಟ್ಟಿ ಮರದ ಕುರ್ಚಿಯ ಮೇಲೆ ಬಸಪ್ಪನವರನ್ನು ಕೂರಿಸಿ, ಎದೆಯ ಸುತ್ತ ಒಂದು, ಎಡಗಾಲಿಗೆ ಒಂದು ನವಾರಪಟ್ಟಿ ಕಟ್ಟಿದರು. ಪಟ್ಟಿ ಶಾಂತಮ್ಮನವರ ಹಳೆಯ ಮಂಚದ್ದೇ. ಅವರು ಯಾವುದನ್ನೂ ಎಸೆಯುವವರಲ್ಲ.

ಮೊದಲ ಹತ್ತು ಮೆಟ್ಟಿಲು ನಮ್ಮ ಅಸೋಸಿಯೇಷನ್ನಿನ ಸಾಮಾನ್ಯ ಸಭೆಯಂತೆ ನಡೆಯಿತು. ಎಡಕ್ಕೆ ಎಂದರು ಭಾಟಿ. “ರೈಟ್, ರೈಟ್,” ಎಂದ ಕಾರ್ತಿಕ್. ಅಣ್ಣ ತಮ್ಮನನ್ನು ಬೈದ. ತಮ್ಮ ಲಂಬಕೋನದ ಬಗ್ಗೆ ಏನೋ ಹೇಳಿದ. ಮೇಲಿನಿಂದ ಯಾರೋ ಪಾರ್ಕಿಂಗ್ ವಿಷಯ ಎತ್ತಿದರು. ಕುರ್ಚಿ ಒಂದು ಕಡೆಗೆ ವಾಲಿತು. ಶಾಂತಮ್ಮ ಗೋಡೆ ಹಿಡಿದುಕೊಂಡರು.

“ನಿಲ್ಲಿ,” ಎಂದರು ಬಸಪ್ಪ.

ಕನ್ನಡದಲ್ಲಿ, ಗಟ್ಟಿಯಾಗಿ. ಎಲ್ಲರೂ ನಿಂತರು.

“ಇಳಿಸಿ ನನ್ನನ್ನ. ಕೇಳಿ. ಬೀರು ಇಳಿಸುವಾಗ ಒಬ್ಬನೇ ಮಾತಾಡಬೇಕು. ಬೀರುವಿಗೆ ಬಾಯಿ ಇರಲಿಲ್ಲ, ಅದಕ್ಕೆ ನಾನು ಮಾತಾಡ್ತಿದ್ದೆ. ಇವತ್ತು ಬೀರುವಿಗೇ ಬಾಯಿ ಇದೆ. ಉಳಿದವರು ಮುಚ್ಚಿಕೊಳ್ಳಿ.”

ಭಾಟಿ ಕಾರ್ತಿಕ್‌ನ ಮುಖ ನೋಡಿದರು. “ಅಂಕಲ್ ಕೆಹ ರಹೇ ಹೈಂ, ಸಬ್ ಚುಪ್,” ಎಂದ ಕಾರ್ತಿಕ್, ಸಂಕ್ಷಿಪ್ತವಾಗಿ.

“ಅಚ್ಛಾ,” ಎಂದರು ಭಾಟಿ. ಅಧ್ಯಕ್ಷರಾದ ಮೇಲೆ ಅವರು ಸುಮ್ಮನಾದದ್ದು ಅದೇ ಮೊದಲು.

ಆಮೇಲೆ ಕೆಲಸ ಸಾಗಿತು. ಎತ್ತಿ. ಇಳಿಸಿ. ತಿರುಗಿಸಿ. ನಿಲ್ಲಿ. ಬಸಪ್ಪನವರಿಗೆ ಮೂವತ್ತು ವರ್ಷದ ಹಿಂದಿ ಚೆನ್ನಾಗಿಯೇ ಬರುತ್ತದೆ. ಆದರೆ ಬೀರುವಿನ ಮಾತು ಅವರಿಗೆ ಕನ್ನಡದಲ್ಲೇ ಬರುತ್ತಿತ್ತು, ಯಾರೂ ತಿದ್ದಲು ಹೋಗಲಿಲ್ಲ. ಎಂಟನೆಯ ಮಹಡಿಯ ತಿರುವಿನಲ್ಲಿ ಯಾರದೋ ಕೂಲರ್ ಅಡ್ಡ ಬಂತು. ಮೆಟ್ಟಿಲಿನಲ್ಲಿ ಸಾಮಾನು ಇಡಬೇಡಿ ಎಂದು ಅಸೋಸಿಯೇಷನ್ ಎಷ್ಟೋ ಸಲ ಬರೆದಿತ್ತು, ದಂಡ ಹಾಕುತ್ತೇವೆ ಎಂದಿತ್ತು, ಗ್ರೂಪಿನಲ್ಲಿ ಫೋಟೋ ಹಾಕಿತ್ತು. ನಾಲ್ವರ ಕೈಯಲ್ಲಿ ತೇಲುತ್ತಿರುವ ಒಬ್ಬ ಹಿರಿಯರು “ಇದು ಯಾರದು?” ಎಂದು ಕೇಳುವುದರಲ್ಲಿ ಬೇರೆಯೇ ಬಲವಿದೆ. ಬಾಗಿಲು ತೆರೆಯಿತು, ಕೂಲರ್ ಒಳಗೆ ಹೋಯಿತು.

ಆರನೆಯ ಮಹಡಿಯಲ್ಲಿ ಅಡ್ಡ ಸಿಕ್ಕಿದ್ದು ದೊಡ್ಡದೊಂದು ಕಬ್ಬಿಣದ ಟ್ರಂಕು.

“ಇದು ಯಾರದು?”

ಕೇಶವಮೂರ್ತಿ ಕಿಟಕಿಯಾಚೆ ಏನನ್ನೋ ಗಮನವಿಟ್ಟು ನೋಡುತ್ತಿದ್ದರು. ಅವರ ಹೆಂಡತಿ ವಿಜಯಮ್ಮ ಬಾಗಿಲಿಗೆ ಬಂದು, “ಅದು ಸಾಮಾನಲ್ಲ ಬಸಪ್ಪನವರೇ, ದಸರಾ ಗೊಂಬೆ,” ಎಂದರು.

“ಗೊಂಬೆಗಳು ಕೆಳಗಿಳಿದಿವೆ ಅಂತ ಭಾವಿಸೋಣವಾ ಮೂರ್ತಿ?” ಎಂದರು ಬಸಪ್ಪ.

ಟ್ರಂಕು ಅವತ್ತೇ ಕೇಶವಮೂರ್ತಿಯವರ ಮಲಗುವ ಕೋಣೆ ಸೇರಿತು. ಬಸಪ್ಪನವರು ಕೆಳಗೆ ತಲುಪಿದಾಗ ನೆರೆದವರು ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ಗಮನಿಸದೆ, ಮೂರನೆಯ ಮಹಡಿಯಲ್ಲಿ ಭಾಟಿ ಕುರ್ಚಿಯ ಕಾಲನ್ನು ಹಿಡಿದದ್ದು ಸರಿಯಿರಲಿಲ್ಲ, ಮುಂದಿನ ವಾರ ಮತ್ತೆ ಆಗಬೇಕು ಎಂದರು.

ಮುಂದಿನ ವಾರವೂ ಆಯಿತು, ಅದರ ಮುಂದಿನ ವಾರವೂ. ಹೊರುವವರಿಗೆ ಇದು ವ್ಯಾಯಾಮ, ನೋಡುವವರಿಗೆ ಮನರಂಜನೆ, ಬಸಪ್ಪನವರಿಗೆ ಮಾತ್ರ ಇದು ಕಚೇರಿ. ಶನಿವಾರ ಸಂಜೆಯೇ ಗಡ್ಡ ಹೆರೆದುಕೊಂಡು ಸಿದ್ಧರಾಗುತ್ತಿದ್ದರು. ಹೆಂಡತಿಯ ಹೆರಿಗೆ, ಮದುವೆ ಮನೆ, ಆಫೀಸಿನ ಟೂರು ಎಂದು ಹೊರುವವರು ಬದಲಾಗುತ್ತಾ ಹೋದರು. ಒಂದು ಭಾನುವಾರ ಭಾಟಿಯವರ ಹೆಂಡತಿ ಬಿಮ್ಲಾ, ಗಂಡನನ್ನು ಊಟಕ್ಕೆ ಕರೆಯಲು ಬಂದಾಕೆ, ಅವರು ಕುರ್ಚಿ ಹಿಡಿದ ಚಂದವನ್ನು ಒಂದು ಮಹಡಿಯಷ್ಟು ಹೊತ್ತು ಸಹಿಸಿದಳು. ಆಮೇಲೆ “ಹಟೋ ಜೀ” ಎಂದು ಅವರನ್ನು ಪಕ್ಕಕ್ಕೆ ಸರಿಸಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ತಾನೇ ಹಿಡಿದಳು. ತವರಿನಲ್ಲಿ ಎಮ್ಮೆಗಳಿಗೆ ಹುಲ್ಲಿನ ಹೊರೆ ಹೊತ್ತು ಬೆಳೆದವಳು. ಎಂಟನೆಯ ಮಹಡಿಯ ಗಗನಾ, ಹಾಸನದ ಹುಡುಗಿ, ಮನೆಯಿಂದಲೇ ಕೆಲಸ ಮಾಡುವವಳು, ಬೆನ್ನು ನೋವಿಗೆಂದು ಜಿಮ್ಮಿಗೆ ಸೇರಿ ಈಗ ಬೇರೆಯವರ ಬೆನ್ನು ನೋಯಿಸುವಷ್ಟು ಗಟ್ಟಿಯಾಗಿದ್ದವಳು, ಹಿಂಭಾಗ ಹಿಡಿದಳು.

“ಹೆಣ್ಣುಮಕ್ಕಳ ಕೈಲಿ ಹೊರಿಸಿಕೊಳ್ಳಬೇಕಾ ನಾನು?” ಎಂದರು ಬಸಪ್ಪ ಮೇಲೆ ಬಂದ ಮೇಲೆ.

“ಇಷ್ಟು ವರ್ಷ ಯಾರು ಹೊತ್ತಿದ್ದು?” ಎಂದರು ಶಾಂತಮ್ಮ.

ಇಷ್ಟಾದರೂ ಶಾಂತಮ್ಮ ಹೊರಗೆ ಹೋಗುವ ಮಾತೆತ್ತಲಿಲ್ಲ. ಹೆದ್ದಾರಿಯಾಚೆಯ ಮನೆಯನ್ನು ಬೇಡವೆನ್ನಲೂ ಇಲ್ಲ. ಆಟ ಆಡಿದಂತಲ್ಲ ಬೆಂಕಿ ಬೀಳುವುದು ಎನ್ನುತ್ತಿದ್ದರು. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ವಾರದ ದಿನ ಕಾರ್ತಿಕ್ ಎಲ್ಲಿ, ಓಖ್ಲಾದವರು ಎಲ್ಲಿ, ಭಾಟಿ ಯಾವ ಸೈಟಿನಲ್ಲಿ? ಭಾಟಿ ಡಿಸೆಂಬರ್ ಬಂದ ಮೇಲೆ ಎರಡು ಸಲ ಕೇಳಿದರು, ಮನೆಯವರು ಕಾಯುತ್ತಿದ್ದಾರೆ, ಏನು ಹೇಳಲಿ ಆಂಟಿ ಎಂದು. ಹತ್ತು ದಿನ ತಡೆಯಿರಿ ಎಂದರು ಶಾಂತಮ್ಮ.

ಆ ಹತ್ತು ದಿನದೊಳಗೆ ಒಂದು ಗುರುವಾರ ವಿಜಯಮ್ಮ ಕೈಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತರು.

“ನನ್ನ ಗೊಂಬೆ ಟ್ರಂಕು ಮಂಚದ ಪಕ್ಕ ಕೂತಿದೆ. ದಿನಾ ಎಡವಿ ಬೀಳ್ತಾ ಇದೀನಿ. ನಿಮ್ಮ ಯಜಮಾನರಿಗಾಗಿ ಅಷ್ಟು ಮಾಡಿದ್ದೀನಿ. ನೀವು ನನಗಾಗಿ ಒಂದು ಸಲ ಸಂತೆಗೆ ಬನ್ನಿ.”

“ಇವರನ್ನು ಬಿಟ್ಟು ಹೇಗೆ ಬರಲಿ ವಿಜಯಮ್ಮ.”

“ಹೋಗಿ ಬಾರೇ,” ಎಂದರು ಬಸಪ್ಪ ಪೇಪರಿನ ಹಿಂದಿನಿಂದ. “ನಾನೇನು ಎಲ್ಲಿಗಾದರೂ ಓಡಿಹೋಗ್ತೀನಾ.”

ಶಾಂತಮ್ಮ ಫೋನನ್ನು ಗಂಡನ ಬಲಗೈಗೆ ಸಿಗುವಂತಿಟ್ಟರು, ನೀರಿಟ್ಟರು, ಗ್ಯಾಸ್ ಆರಿಸಿದ್ದನ್ನು ಎರಡು ಸಲ ನೋಡಿದರು, ಬಾಗಿಲಿಗೆ ಬೀಗ ಹಾಕದೆ ಬರೀ ಮುಂದಕ್ಕೆ ಎಳೆದು ಬಿಟ್ಟರು. ಮೇ ತಿಂಗಳ ನಂತರ ಮೊದಲ ಬಾರಿ ಲಿಫ್ಟಿನಲ್ಲಿ ಗಂಡನಿಲ್ಲದೆ ನಿಂತರು.

ಸಂತೆ ಸೆಕ್ಟರಿನ ಕೊನೆಯ ರಸ್ತೆಯಲ್ಲಿ. ಚಳಿಗಾಲದ ಮಧ್ಯಾಹ್ನದ ಬಿಸಿಲು, ನೆಲದ ತುಂಬ ಹಸಿರು. ಶಾಂತಮ್ಮ ಮೆಂತ್ಯದ ಕಟ್ಟು ಬಿಚ್ಚಿಸಿ ನೋಡಿದರು. ಬದನೆಕಾಯಿಯನ್ನು ಒತ್ತಿದರು, ಇನ್ನೊಂದನ್ನು ಒತ್ತಿದರು, ಏಳು ತಿಂಗಳದ್ದು ಬಾಕಿಯಿದ್ದಂತೆ ಒತ್ತಿದರು. “ಭಯ್ಯಾ, ಇದು ಇವತ್ತಿನದಾ?” ಎಂದು ಕೇಳಿ, ಅವನು ಹೌದೆಂದರೆ ನಂಬದೆ, ಸಂತೋಷಪಟ್ಟರು. ಹಸಿ ಬಟಾಣಿಯ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕಾಯಿ ಆರಿಸುತ್ತಿದ್ದಾಗ ಅಗ್ನಿಶಾಮಕ ವಾಹನದ ಸೈರನ್ ಕೇಳಿಸಿತು.

ಬಟಾಣಿಯವನೇ ಮೊದಲು ಕೈ ತೋರಿಸಿದ. ನಮ್ಮ ಟವರಿನ ಬುಡದಿಂದ ಹೊಗೆ ಏಳುತ್ತಿತ್ತು.

ಶಾಂತಮ್ಮ ಚೀಲವನ್ನು ಅಲ್ಲೇ ಬಿಟ್ಟು ಓಡಿದರು. ಅರವತ್ತೆಂಟರ ಆ ಹೆಂಗಸು ಓಡಿದ್ದನ್ನು ನಮ್ಮಲ್ಲಿ ಯಾರೂ ಹಿಂದೆ ನೋಡಿರಲಿಲ್ಲ. ಓಡುತ್ತಾ ಒಬ್ಬೊಬ್ಬರನ್ನೇ ನೆನೆದರಂತೆ, ಆಮೇಲೆ ಅವರೇ ಹೇಳಿದ್ದು. ಕಾರ್ತಿಕ್ ಆಫೀಸಿನಲ್ಲಿ. ಅಣ್ಣತಮ್ಮಂದಿರು ಓಖ್ಲಾದಲ್ಲಿ. ಭಾಟಿ ಬೆಳಗ್ಗೆಯೇ ಕಾರು ತೆಗೆದುಕೊಂಡು ಹೋಗಿದ್ದರು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಾಗಿಲು ಮುಚ್ಚಿದಂತಾಯಿತು.

ಗೇಟಿನ ಹೊರಗೆ ಜನ. ಅಗ್ನಿಶಾಮಕ ವಾಹನ ಆಗಲೇ ಒಳಗೆ ಹೋಗಿತ್ತು. ಗಾರ್ಡು ಎರಡೂ ಕೈ ಅಡ್ಡ ಹಿಡಿದು “ಮಾತಾಜೀ, ಅಂದರ್ ನಹೀಂ,” ಎಂದ. ಶಾಂತಮ್ಮ ತಲೆಯೆತ್ತಿ ನೋಡಿದರು. ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಬೆಳಗ್ಗೆ ಒಣಗಿಹಾಕಿದ ಅವರ ಸೀರೆ ಇತ್ತು, ಬಸಪ್ಪನವರ ಪಂಚೆ ಇತ್ತು. ಅವರು ಗಾರ್ಡಿನ ಕೈಯನ್ನು ಹಿಡಿದು ಬಗ್ಗಿಸಲು ನೋಡಿದರು. ಅವನೂ ಪಾಪ ಯಾರದೋ ಮಗ, ತಾಯಿಯಂಥವರ ಮೇಲೆ ಬಲ ಹಾಕುವುದು ಹೇಗೆಂದು ತಿಳಿಯದೆ ಅಳುವಂತಾಗಿದ್ದ.

“ಏನೇ, ಬಟಾಣಿ ಸಿಕ್ತಾ?”

ಹಿಂದಿನಿಂದ ಬಂದ ದನಿ. ಗೇಟಿನಾಚೆ ಇಸ್ತ್ರಿಯವನ ಗಾಡಿಯ ಪಕ್ಕದ ಬಿಸಿಲಿನಲ್ಲಿ ಬಸಪ್ಪನವರು ಮರದ ಕುರ್ಚಿಯ ಮೇಲೆ ಕೂತಿದ್ದರು. ಕೆಳಗೆ ಪೈಜಾಮ, ಮೇಲೆ ಬನಿಯನ್, ಅದರ ಮೇಲೆ ಯಾವುದೋ ಸಾಫ್ಟ್‌ವೇರ್ ಕಂಪನಿಯ ಹೆಸರಿರುವ ಗಗನಾಳ ಜಾಕೆಟ್ಟು. ನವಾರಪಟ್ಟಿ ಇನ್ನೂ ಎದೆಗೆ ಬಿಗಿದೇ ಇತ್ತು. ಕೈಯಲ್ಲಿ ಯಾರೋ ಕೊಟ್ಟ ಚಹಾದ ಕಪ್ಪು.

ಶಾಂತಮ್ಮ ಹತ್ತಿರ ಹೋಗಿ ಅವರ ತಲೆ ಮುಟ್ಟಿದರು, ಭುಜ ಮುಟ್ಟಿದರು, ಎಡಗಾಲು ಮುಟ್ಟಿದರು. ಆಮೇಲೆ, “ಒಂದು ಶರ್ಟು ಹಾಕಿಕೊಂಡು ಬರಬಾರದಿತ್ತಾ?” ಎಂದರು. ಅಷ್ಟು ಹೇಳಿ ಇಸ್ತ್ರಿ ಗಾಡಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ನಡೆದದ್ದು ಇಷ್ಟು. ಬೇಸ್‌ಮೆಂಟಿನಲ್ಲಿ ಚಾರ್ಜಿಗೆ ಹಾಕಿದ್ದ ಒಂದು ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡಿತು. ಪಕ್ಕದ ಎರಡು ಸ್ಕೂಟರಿಗೂ ಹಬ್ಬಿತು. ಹೊಗೆ ಲಿಫ್ಟಿನ ಬಾವಿಯಲ್ಲಿ ಮೇಲೇರಿತು. ಟವರಿನ ಅಲಾರಂ ಕೂಗಿದಾಗ ಮೀಟಿಂಗಿನಲ್ಲಿದ್ದ ಗಗನಾ ಕಿವಿಯ ಹೆಡ್‌ಫೋನ್ ಸಮೇತ ಮೇಲಕ್ಕೆ ಓಡಿದಳು. ಅವಳ ಬೆಂಗಳೂರಿನ ಮ್ಯಾನೇಜರು ‘ಎತ್ತಿ, ಇಳಿಸಿ, ತಿರುಗಿಸಿ’ ಎಂಬುದನ್ನು ನಾಲ್ಕು ಮಹಡಿಯವರೆಗೂ ಕೇಳಿಸಿಕೊಂಡನಂತೆ. ಬಿಮ್ಲಾ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಬಂದಳು. ಹತ್ತನೆಯ ಮಹಡಿಗೆ ನೀರಿನ ಕ್ಯಾನ್ ಹಾಕಿ ಇಳಿಯುತ್ತಿದ್ದವನನ್ನು ಅವಳೇ ತೋಳು ಹಿಡಿದು ನಿಲ್ಲಿಸಿದಳು. ಅವನಿಗೆ ಕನ್ನಡ ಗೊತ್ತಿಲ್ಲ, ಬಸಪ್ಪನವರೂ ಗೊತ್ತಿಲ್ಲ. ಬಿಮ್ಲಾ ಎತ್ತಿದಾಗ ಎತ್ತಿದ, ಇಳಿಸಿದಾಗ ಇಳಿಸಿದ. ಕೇಶವಮೂರ್ತಿ ಆರನೆಯ ಮಹಡಿಯಿಂದ, ತಮಗಿಲ್ಲದ ಮಂಡಿಯಲ್ಲಿ, ಮೇಲಕ್ಕೆ ಹತ್ತಿ ಬಂದಿದ್ದರು. ನಾಲ್ಕನೆಯ ಕೈ ಅವರದು. ಮೆಟ್ಟಿಲಿನಲ್ಲಿ ಒಂದು ಚಪ್ಪಲಿ ಕೂಡ ಅಡ್ಡ ಸಿಗಲಿಲ್ಲ.

“ನಾಲ್ಕನೇ ಮಹಡಿಯ ತಿರುವಿನಲ್ಲಿ ಬಿಮ್ಲಾ ಸ್ವಲ್ಪ ಅವಸರ ಮಾಡಿದಳು,” ಎಂದರು ಬಸಪ್ಪ ಚಹಾ ಹೀರುತ್ತಾ. “ಉಳಿದಂತೆ ಒಳ್ಳೇ ಕೆಲಸ.”

“ಅಂಕಲ್ ಬೈತಾನೇ ಇದ್ದರು ಆಂಟಿ, ದಾರಿಯುದ್ದಕ್ಕೂ,” ಎಂದಳು ಗಗನಾ. “ಅದಕ್ಕೇ ನಮಗೆ ಹೆದರಿಕೆ ಆಗಲಿಲ್ಲ. ಭಾನುವಾರದ ಥರಾನೇ ಇತ್ತು.”

ಶಾಂತಮ್ಮ ಎದ್ದು ಬಿಮ್ಲಾಳ ಎರಡೂ ಕೈ ಹಿಡಿದುಕೊಂಡರು. ಹಿಟ್ಟು ಬೆರಳುಗಳ ಮೇಲೆ ಒಣಗಿ ಬಿರಿದಿತ್ತು. ತರಕಾರಿಯವರೊಡನೆ ಜಗಳಕ್ಕೆ, ಗ್ಯಾಸ್ ಬುಕಿಂಗಿಗೆ, ಮಗಳ ಶಾಲೆಯ ಟೀಚರುಗಳಿಗೆ, ಇಷ್ಟು ವರ್ಷ ಎಲ್ಲದಕ್ಕೂ ಸಾಕಾಗಿದ್ದ ಅವರ ಹಿಂದಿ ಅಲ್ಲಿ ಸಾಲದೇ ಹೋಯಿತು. “ನಿನ್ನ ಹೊಟ್ಟೆ ತಣ್ಣಗಿರಲಿ ತಾಯೀ,” ಎಂದರು ಕನ್ನಡದಲ್ಲಿ. ಬಿಮ್ಲಾ ತನ್ನ ಊರಿನ ಮಾತಿನಲ್ಲಿ ಏನೋ ಉದ್ದವಾಗಿ ಹೇಳಿದಳು. 'ಅಂಕಲ್' ಎಂಬುದು ಬಿಟ್ಟು ನಮಗೆ ಯಾರಿಗೂ ಏನೂ ತಿಳಿಯಲಿಲ್ಲ, ಅವರಿಬ್ಬರಿಗೆ ತಿಳಿದಂತಿತ್ತು. ನೀರಿನ ಕ್ಯಾನಿನವನು ಯಾರೂ ತನಗೆ ಏನೂ ಹೇಳುವ ಮೊದಲೇ ಜಾಗ ಖಾಲಿ ಮಾಡಲು ನೋಡುತ್ತಿದ್ದ. ಕೇಶವಮೂರ್ತಿ ಅವನ ಹೆಗಲ ಮೇಲೆ ಕೈ ಹಾಕಿ ಹಿಡಿದುಕೊಂಡಿದ್ದರು. ಧನ್ಯವಾದಕ್ಕೆ ಅರ್ಧ, ಮಂಡಿಯ ಆಧಾರಕ್ಕೆ ಅರ್ಧ.

“ಮೂರ್ತಿಗಳೇ,” ಎಂದು ಶಾಂತಮ್ಮ ಅವರ ಕಡೆ ತಿರುಗಿದರು.

“ಇರಲಿ ಅತ್ತಿಗೆ,” ಎಂದರು ಅವರು. “ಈ ಸಲ ಯಾವುದನ್ನೂ ಭಾವಿಸಬೇಕಾಗಲಿಲ್ಲ.”

ಅಷ್ಟರಲ್ಲಿ ಭಾಟಿಯವರ ಕಾರು ಬಂತು. ಬೆವರು ಸುರಿಸುತ್ತಾ ಇಳಿದವರು ಹೆಂಡತಿಯನ್ನೂ ಬಸಪ್ಪನವರನ್ನೂ ಒಂದೇ ನೋಟದಲ್ಲಿ ಎಣಿಸಿಕೊಂಡು ಉಸಿರು ಬಿಟ್ಟರು. ಬೆಂಕಿ ಆರಿತ್ತು, ಯಾರಿಗೂ ಏನೂ ಆಗಿರಲಿಲ್ಲ, ಹೊಗೆ ಪೂರ್ತಿ ಹೋಗುವವರೆಗೆ ಒಳಗೆ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಶಾಂತಮ್ಮನ ಬಳಿ ಬಂದು ದನಿ ತಗ್ಗಿಸಿದರು. ಇನ್ನು ತಡ ಮಾಡುವುದು ಬೇಡ ಆಂಟಿ, ಆ ನೆಲಮಹಡಿಯ ಮನೆಗೆ ಇವತ್ತೇ ಹೂಂ ಎಂದುಬಿಡುತ್ತೇನೆ, ಫೋನ್ ಮಾಡಲೇ ಎಂದು ಹಿಂದಿಯಲ್ಲಿ ಕೇಳಿದರು. ಫೋನ್ ಆಗಲೇ ಕೈಯಲ್ಲಿತ್ತು.

“ನಹೀಂ ಭಯ್ಯಾ,” ಎಂದರು ಶಾಂತಮ್ಮ. “ಬೇರೆಯವರಿಗೆ ಕೊಟ್ಟುಬಿಡಲಿ. ನಮಗೆ ಇಲ್ಲೇ ಸರಿ.”

“ಒಂಬತ್ತನೇ ಮಹಡಿ, ಆಂಟಿ.”

“ಹೌದು. ಅಲ್ಲಿ ನೆಲಮಹಡಿಯಲ್ಲಿ ಯಾರಿದ್ದಾರೆ?”

ಭಾಟಿ ಫೋನನ್ನು ಜೇಬಿಗೆ ಹಾಕಿದರು. ಒಂದು ವ್ಯವಹಾರ ಕೈತಪ್ಪಿದ ವ್ಯಾಪಾರಿ ಅಷ್ಟು ಅಗಲವಾಗಿ ನಕ್ಕದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಗ ಬಂದರು ವಿಜಯಮ್ಮ, ಎರಡೂ ಕೈಗೆ ಇಬ್ಬರ ಚೀಲ ತೂಗಿಕೊಂಡು, ಏದುಸಿರು ಬಿಡುತ್ತಾ. ಎಲ್ಲರೂ ಇದ್ದಾರೆಂದು ಕಂಡ ಮೇಲೆ ಅವರಿಗೆ ಮೊದಲು ಹೊಳೆದದ್ದು ದೂರು. “ನನ್ನನ್ನು ಅಲ್ಲೇ ಬಿಟ್ಟು ಓಡಿ ಬಂದಿರಲ್ಲ ಶಾಂತಮ್ಮ. ಬಟಾಣಿ ತೂಗಿಸಿಕೊಂಡು ಬಂದೆ. ಕೊತ್ತಂಬರಿ, ಹಸಿಮೆಣಸು ಏನೂ ಆಗಲಿಲ್ಲ.”

ಶಾಂತಮ್ಮ ಗಂಡನ ಎದೆಯ ಪಟ್ಟಿ ಬಿಚ್ಚಿ, ಜಾಕೆಟ್ಟಿನ ಗುಂಡಿಗಳನ್ನು ಮೇಲಿನವರೆಗೆ ಹಾಕಿದರು. ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ವಿಜಯಮ್ಮನ ಕೈಯಿಂದ ಒಂದು ಚೀಲ ತೆಗೆದುಕೊಂಡು ಅದರೊಳಗಿನ ಬಟಾಣಿಯನ್ನು ಇನ್ನೊಂದಕ್ಕೆ ಸುರಿದರು. ಖಾಲಿ ಚೀಲವನ್ನು ಕಂಕುಳಿಗಿಟ್ಟುಕೊಂಡು ಹೊರಟರು.

“ಎಲ್ಲಿಗೆ ಹೊರಟೆ?” ಎಂದರು ಬಸಪ್ಪ.

“ಸಂತೆಗೆ. ಇನ್ನೂ ಎದ್ದಿರಲ್ಲ.”

“ನಾನು ಇಲ್ಲಿ ಒಬ್ಬನೇ—”

ಬಸಪ್ಪನವರು ಸುತ್ತ ನೋಡಿದರು. ಬಿಮ್ಲಾ ಅವರ ಕುರ್ಚಿಯನ್ನು ನೆರಳಿನಿಂದ ಬಿಸಿಲಿಗೆ ಸರಿಸುತ್ತಿದ್ದಳು. ಗಗನಾ ಖಾಲಿ ಕಪ್ಪಿಗೆ ಕೈ ಚಾಚಿದ್ದಳು. ಭಾಟಿ ನಾಲ್ಕನೆಯ ಮಹಡಿಯ ತಿರುವಿನ ಬಗ್ಗೆ ಹೆಂಡತಿಗೆ ಏನೋ ಸಲಹೆ ಕೊಡುತ್ತಿದ್ದರು, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಬಸಪ್ಪ ತಮ್ಮ ವಾಕ್ಯವನ್ನು ಮುಗಿಸಲಿಲ್ಲ. ಶಾಂತಮ್ಮ ಅಷ್ಟರಲ್ಲಿ ರಸ್ತೆ ದಾಟಿದ್ದರು, ಹಿಂದೆ ತಿರುಗಿ ನೋಡದೆ.